ತಗ್ಗಲೊಲ್ಲದ ಧ್ವನಿ
ಮನೆಯ ಧ್ವನಿಯಂತ್ರದಲ್ಲಿ ಮಿತಿಮೀರಿದ ವರ್ಧನೆಯೂ ಅದರ ಪರಿಹಾರವೂ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹಳ್ಳಿಯ ಮನೆಗಳು ಪೇಟೆಯಂತೆ ಒತ್ತೊತ್ತಾಗಿರುವುದಿಲ್ಲ. ತಗ್ಗಿನಲ್ಲಿ ಅಡಿಕೆಯ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ನೆರೆಮನೆಯೆಂದರೆ ಒಂದು ಕೂಗಿನ ದೂರ. ಇಂಥ ಮನೆಯ ಜಗುಲಿಯಲ್ಲಿ ರಾತ್ರಿಯ ಊಟವಾದ ಮೇಲೆ ತಾಳಮದ್ದಳೆಯ ಧ್ವನಿಮುದ್ರಣವನ್ನೋ ಒಂದು ಹಿಂದುಸ್ತಾನಿ ರಾಗವನ್ನೋ ಕೇಳುತ್ತ ಕುಳಿತುಕೊಳ್ಳುವುದು ಬಹು ಜನರ ವಾಡಿಕೆ. ಕೇಳಲು ಇದಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಗಾಡಿಗಳ ಸದ್ದಿಲ್ಲ, ಕಾರ್ಖಾನೆಗಳ ಗದ್ದಲವಿಲ್ಲ. ಆದರೆ ಆ ನಿಶ್ಶಬ್ದವೇ ಯಂತ್ರದ ಒಂದು ದೋಷವನ್ನು ಎತ್ತಿ ತೋರಿಸುವುದುಂಟು. ಆ ದೋಷವನ್ನು ಕುರಿತು ಈ ಲೇಖನದಲ್ಲಿ ವಿಚಾರಮಾಡೋಣ.

ಕೆಲವು ಕಾಲದ ಹಿಂದೆ, ಮಳೆಗಾಲದಲ್ಲಿ, ನಾವು ಸಿದ್ದಾಪುರ ತಾಲೂಕಿನ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ಅಜ್ಜಿಯವರಿಗೆ ಕಣ್ಣು ಮಂಜಾಗಿ ಹಲವು ವರ್ಷಗಳಾಗಿದ್ದುವು. ಆಟ ನೋಡಲು ಹೋಗುವ ಕಾಲ ಮುಗಿದಿತ್ತು. ಭಾಗವತರ ಪದ್ಯವನ್ನೂ ಅರ್ಥಧಾರಿಗಳ ಮಾತನ್ನೂ ಕೇಳುವುದೊಂದೇ ಅವರಿಗೆ ಉಳಿದಿದ್ದ ಸಂತೋಷ. ಮನೆಯಲ್ಲಿ ನಲವತ್ತು ವರ್ಷ ಹಳೆಯದಾದ, ಆದರೆ ಗಟ್ಟಿಮುಟ್ಟಾದ ಒಂದು ವರ್ಧಕವಿತ್ತು. ಅದಕ್ಕೆ ಜೋಡಿಸಿದ್ದ ಕ್ಯಾಸೆಟ್ ಯಂತ್ರ ಕೆಟ್ಟುಹೋದುದರಿಂದ ಮೊಮ್ಮಗನು ಬೆಂಗಳೂರಿನಿಂದ ಒಂದು ಸಿ.ಡಿ. ಯಂತ್ರವನ್ನು ತಂದು ಅದರ ಸ್ಥಾನದಲ್ಲಿ ಕೂಡಿಸಿದ್ದನು. ಅಂದಿನಿಂದ ತೊಂದರೆ ಮೊದಲಾಯಿತು. ಧ್ವನಿಯ ಗುಬುಟನ್ನು, ಎಂದರೆ ವಾಡಿಕೆಯಲ್ಲಿ ನಾಬು ಎನ್ನುವುದನ್ನು, ಕೂದಲೆಳೆಯಷ್ಟು ತಿರುಗಿಸಿದರೆ ಏನೂ ಕೇಳಿಸದು. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಚಂಡೆಯ ಪೆಟ್ಟು ಮನೆಯನ್ನೇ ನಡುಗಿಸುವುದು. ಇವೆರಡರ ನಡುವೆ ಎಲ್ಲಿಯೋ ಒಂದು ಕಡೆ ಹಿತವಾದ ಧ್ವನಿಯಿತ್ತು. ಆದರೆ ಅಲ್ಲಿ ಕೈ ನಿಲ್ಲುತ್ತಿರಲಿಲ್ಲ, ನಿಂತರೂ ಹಾಡು ಎಡಗಡೆಯ ಪೆಟ್ಟಿಗೆಯಿಂದ ಮಾತ್ರ ಬರುತ್ತಿತ್ತು.

“ತಮಾ, ಒಂದೋ ಕೇಳ್ತಿಲ್ಲೆ, ಇಲ್ದೇ ಹೋದ್ರೆ ಕಿವಿ ಒಡದು ಹೋಗ್ತು” ಎಂದು ಅಜ್ಜಿಯವರು ಮೊಮ್ಮಗನಿಗೆ ಹೇಳಿದರು. ಕೆಲವು ದಿನಗಳ ಮೇಲೆ ಅವರು ಕೇಳುವುದನ್ನೇ ಬಿಟ್ಟರಂತೆ. ಅಂಗಡಿಯವರೊಬ್ಬರು ಹಳೆಯ ವರ್ಧಕವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂದು ಸಲಹೆಯಿತ್ತಿದ್ದರು. ವರ್ಧಕದಲ್ಲಿ ದೋಷವೇನೂ ಇರಲಿಲ್ಲ. ಸಿ.ಡಿ. ಯಂತ್ರದಲ್ಲಿಯೂ ಇರಲಿಲ್ಲ. ದೋಷವಿದ್ದುದು ಇವೆರಡರ ಸಂಬಂಧದಲ್ಲಿ. ಕೆಲವೇ ರೂಪಾಯಿಗಳ ನಾಲ್ಕು ರೋಧಕಗಳಿಂದ ಅದು ನೆಟ್ಟಗಾಯಿತು. ಹೇಗೆಂಬುದನ್ನು ಕ್ರಮವಾಗಿ ನೋಡುವ.

ವರ್ಧನೆ ಬೇರೆ, ಶಕ್ತಿ ಬೇರೆ

ಈ ವರ್ಧಕ 25 ವಾಟಿನದು, ಆ ವರ್ಧಕ 100 ವಾಟಿನದು ಎಂದು ನಾವು ಹೇಳುವುದುಂಟು. ಧ್ವನಿ ಜೋರಾಗಿದ್ದರೆ ವಾಟು ಹೆಚ್ಚಾಯಿತೆಂದು ಭಾವಿಸುತ್ತೇವೆ. ಇದು ಅರ್ಧ ಸತ್ಯ. ವರ್ಧಕವು ಹೆಚ್ಚೆಂದರೆ ಎಷ್ಟು ಶಕ್ತಿಯನ್ನು ಹೊರಗೆ ಕೊಡಬಲ್ಲದೆಂಬುದನ್ನು ವಾಟು ತಿಳಿಸುವುದು. ಆ ಶಕ್ತಿಯನ್ನು ಹೊರಡಿಸಲು ಒಳಗೆ ಎಷ್ಟು ವಿದ್ಯುತ್ತನ್ನು ಕೊಡಬೇಕೆಂಬುದು ಬೇರೆಯ ಪ್ರಶ್ನೆ. ಒಳಗೆ ಕೊಟ್ಟ ವೋಲ್ಟೇಜು ಹೊರಗೆ ಎಷ್ಟು ಪಟ್ಟು ಆಗುವುದೋ ಅದಕ್ಕೆ ವರ್ಧನೆಯೆಂದು ಹೆಸರು.

ಮಲೆನಾಡಿನವರಿಗೆ ಇದನ್ನು ತಿಳಿಸಲು ಒಂದು ಸುಲಭವಾದ ದೃಷ್ಟಾಂತವುಂಟು. ಗುಡ್ಡದ ಅಬ್ಬಿಯ ನೀರನ್ನು ಹಿಂದೆ ಅಡಿಕೆಯ ದಬ್ಬೆಯಲ್ಲಿ, ಈಗ ಕೊಳವೆಯಲ್ಲಿ, ಮನೆಯ ಹಿತ್ತಿಲಿಗೆ ತರುವ ಪದ್ಧತಿ ಎಲ್ಲರಿಗೂ ತಿಳಿದದ್ದೆ. ಅಬ್ಬಿ ಬಹಳ ಎತ್ತರದಲ್ಲಿದ್ದು ಕೊಳವೆ ಮುಚ್ಚಿದುದಾದರೆ ಕೆಳಗೆ ನೀರಿನ ಒತ್ತಡ ವಿಪರೀತವಾಗುವುದು. ನಲ್ಲಿಯನ್ನು ತುಸುವೇ ತಿರುಗಿಸಿದರೂ ನೀರು ಚಿಮ್ಮಿ ತಂಬಿಗೆಯನ್ನೇ ಹಾರಿಸುವುದು. ಹಾಗೆಂದು ಯಾರೂ ಅಬ್ಬಿಯನ್ನು ಹಳಿಯುವುದಿಲ್ಲ, ನಲ್ಲಿಯನ್ನೂ ಕಿತ್ತೆಸೆಯುವುದಿಲ್ಲ. ನಲ್ಲಿಗಿಂತ ಸ್ವಲ್ಪ ಹಿಂದೆ ಕೊಳವೆಗೆ ಒಂದು ಕವಲನ್ನು ಒಡೆದು ಹೆಚ್ಚಿನ ನೀರನ್ನು ತೋಟಕ್ಕೆ ಬಿಡುತ್ತಾರೆ. ಆಗ ನಲ್ಲಿ ತಾನು ತಿರುಗಬೇಕಾದಷ್ಟೂ ತಿರುಗಿ ಹದವಾಗಿ ನೀರು ಕೊಡುವುದು. ನಮ್ಮ ಪರಿಹಾರವೂ ಇದೇ ಬಗೆಯದು.

ಸಿದ್ದಾಪುರದ ಆ ಮನೆಯ ವರ್ಧಕದ ಬೆನ್ನಿನ ಮೇಲೆ ‘200 ಮಿಲಿವೋಲ್ಟ್’ ಎಂದು ಬರೆದಿತ್ತು. ಗುಬುಟನ್ನು ಪೂರ್ತಿ ತಿರುಗಿಸಿ, ಒಳಗೆ ಒಂದು ವೋಲ್ಟಿನ ಐದನೆಯ ಒಂದು ಪಾಲನ್ನು ಕೊಟ್ಟರೆ ವರ್ಧಕವು ತನ್ನ 25 ವಾಟುಗಳನ್ನೂ ಹೊರಡಿಸುವುದೆಂದು ಅದರ ಅರ್ಥ. ಅದು ತಯಾರಾದ ಕಾಲದಲ್ಲಿ ರೇಡಿಯೋ, ಕ್ಯಾಸೆಟ್ ಮುಂತಾದುವು ಕೊಡುತ್ತಿದ್ದುದೇ ಅಷ್ಟು. ಆದುದರಿಂದ ಅಳತೆ ಸರಿಯಾಗಿಯೇ ಇತ್ತು. ಸಿ.ಡಿ. ಯಂತ್ರಗಳು ಮಾರಾಟಕ್ಕೆ ಬಂದುದು 1982ರಲ್ಲಿ. ಇವು ತಮ್ಮ ಅತ್ಯಂತ ಜೋರಾದ ಸ್ವರಕ್ಕೆ 2 ವೋಲ್ಟುಗಳನ್ನು ಕೊಡುವುದು ರೂಢಿಯಾಯಿತು. ಎಂದರೆ ಹಳೆಯ ವರ್ಧಕ ಬಯಸುವುದರ ಹತ್ತು ಪಟ್ಟು! ಗುಬುಟು ಏಕೆ ಅಷ್ಟು ಉಗ್ರವಾಯಿತೆಂಬುದು ಇದರಿಂದ ಸ್ಪಷ್ಟವಾಗುವುದು.

ಕಿವಿಯ ಲೆಕ್ಕ

ಹತ್ತು ಪಟ್ಟು ಎಂದೆವು. ಕಿವಿಗೆ ಅದು ಹತ್ತು ಪಟ್ಟು ಜೋರಾಗಿ ಕೇಳಿಸುವುದೇ? ಇಲ್ಲ. ಖಾಲಿ ಕೈಯಲ್ಲಿ ಒಂದು ಹಿಡಿ ಅಡಿಕೆಯನ್ನಿಟ್ಟರೆ ಭಾರ ತಿಳಿಯುವುದು. ತುಂಬಿದ ಚೀಲದ ಮೇಲೆ ಅದೇ ಹಿಡಿಯನ್ನು ಹಾಕಿದರೆ ಹೊತ್ತವನಿಗೆ ತಿಳಿಯುವುದೇ ಇಲ್ಲ. ನಮ್ಮ ಇಂದ್ರಿಯಗಳು ಕೂಡಿಸಿದ ಮೊತ್ತವನ್ನಲ್ಲ, ಎಷ್ಟು ಪಟ್ಟು ಹೆಚ್ಚಿತೆಂಬುದನ್ನು ಗ್ರಹಿಸುತ್ತವೆ. ಜರ್ಮನಿಯ ವೇಬರನು ಇದನ್ನು ಭಾರದ ವಿಷಯದಲ್ಲಿ ಪರೀಕ್ಷಿಸಿದನು. ಫೆಕ್ನರನು 1860ರಲ್ಲಿ ಇದಕ್ಕೆ ಗಣಿತದ ರೂಪವನ್ನು ಕೊಟ್ಟನು.

ಇದೇ ಕಾರಣದಿಂದ ಧ್ವನಿಯನ್ನು ಅಳೆಯಲು ಲಘುಗಣಕದ ಮಾನವಾದ ಡೆಸಿಬೆಲ್ಲನ್ನು ಬಳಸುತ್ತಾರೆ. ಟೆಲಿಫೋನನ್ನು ರೂಪಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರು ಇದರಲ್ಲಿ ಸೇರಿದೆ. ವಾಚಕರು ಮೂರು ಸಂಗತಿಗಳನ್ನು ನೆನಪಿಟ್ಟರೆ ಸಾಕು. ಶಕ್ತಿ ಎರಡು ಪಟ್ಟಾದರೆ ಸುಮಾರು 3 ಡೆಸಿಬೆಲ್ ಏರಿದಂತೆ. ಶಕ್ತಿ ಹತ್ತು ಪಟ್ಟಾದರೆ 10 ಡೆಸಿಬೆಲ್. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರೆಂದು ತೋರುವುದು. ವೋಲ್ಟೇಜು ಹತ್ತು ಪಟ್ಟಾದರೆ ಶಕ್ತಿ ನೂರು ಪಟ್ಟಾಗುವುದು, ಎಂದರೆ 20 ಡೆಸಿಬೆಲ್. ನಮ್ಮ ಸಿ.ಡಿ. ಯಂತ್ರಕ್ಕೂ ಹಳೆಯ ವರ್ಧಕಕ್ಕೂ ಇದ್ದ ವೈಷಮ್ಯ ಇಷ್ಟೇ: 20 ಡೆಸಿಬೆಲ್.

ಇನ್ನು, ಮನೆಯಲ್ಲಿ ಕೇಳಲು ಎಷ್ಟು ಶಕ್ತಿ ಬೇಕು? ಒಂದು ವಾಟು ಕೊಟ್ಟರೆ ಒಂದು ಮೀಟರು ದೂರದಲ್ಲಿ 88 ಡೆಸಿಬೆಲ್ ಧ್ವನಿಯನ್ನು ಕೊಡುವ ಸಾಮಾನ್ಯ ಪೆಟ್ಟಿಗೆಗಳನ್ನು ತೆಗೆದುಕೊಳ್ಳೋಣ. ಮೂರು ಮೀಟರು ದೂರದಲ್ಲಿ ಕುಳಿತವರಿಗೆ ಎದುರಿನವರು ಮಾತನಾಡಿದಷ್ಟು, ಎಂದರೆ ಸುಮಾರು 65 ಡೆಸಿಬೆಲ್ ಕೇಳಿಸಲು ಒಂದೊಂದು ಪೆಟ್ಟಿಗೆಗೆ ಸರಾಸರಿ 16 ಮಿಲಿವಾಟು ಸಾಕಾಗುವುದು. ಮಕ್ಕಳು ಮಲಗಿದ ಮೇಲೆ ಮೆಲ್ಲಗೆ ಕೇಳಲು ಅರ್ಧ ಮಿಲಿವಾಟು ಸಾಕು! ಇಪ್ಪತ್ತೈದು ವಾಟಿನ ಯಂತ್ರದಿಂದ ನಾವು ಸಾವಿರದಲ್ಲಿ ಒಂದು ಪಾಲನ್ನೂ ತೆಗೆದುಕೊಳ್ಳುವುದಿಲ್ಲವೆಂಬುದು ಆಶ್ಚರ್ಯವಲ್ಲವೇ? ಉಳಿದುದೆಲ್ಲ ಚಂಡೆಯ ಪೆಟ್ಟಿನಂಥ ಕ್ಷಣಿಕ ಏರಿಕೆಗೆ ಮೀಸಲು.

ಧ್ವನಿಮುದ್ರಣದಲ್ಲಿ ಸರಾಸರಿಯ ಸ್ವರವು ಅತ್ಯುಚ್ಚ ಸ್ವರಕ್ಕಿಂತ 15 ಡೆಸಿಬೆಲ್ ಕೆಳಗಿದೆಯೆಂದು ಹಿಡಿದು ಲೆಕ್ಕಮಾಡಿದರೆ, ಸಿ.ಡಿ. ಯಂತ್ರದ ವೋಲ್ಟೇಜನ್ನು ಹಗಲಿನಲ್ಲಿ 70ನೆಯ ಒಂದು ಪಾಲಿಗೂ ರಾತ್ರಿಯಲ್ಲಿ 400ನೆಯ ಒಂದು ಪಾಲಿಗೂ ಗುಬುಟೇ ಇಳಿಸಬೇಕಾಗುವುದು. ಇದು ಅದರ ಶಕ್ತಿಗೆ ಮೀರಿದ ಕೆಲಸ.

ಗುಬುಟು ಎಲ್ಲಿ ಸೋಲುತ್ತದೆ?

ಗುಬುಟಿನ ಒಳಗಿರುವುದು ಇಂಗಾಲವನ್ನು ಲೇಪಿಸಿದ ಒಂದು ಬಳೆಯಾಕಾರದ ಪಟ್ಟಿ. ಅದರ ಮೇಲೆ ಜಾರುವ ಒಂದು ಲೋಹದ ನಾಲಗೆ. ಕಿವಿಯ ಲೆಕ್ಕಕ್ಕೆ ಹೊಂದುವಂತೆ, ಅರ್ಧ ದಾರಿ ತಿರುಗಿದಾಗ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ವೋಲ್ಟೇಜು ಮಾತ್ರ ಮುಂದೆ ಹೋಗುವಂತೆ ಆ ಪಟ್ಟಿಯನ್ನು ಮಾಡಿರುತ್ತಾರೆ. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಪಟ್ಟಿಗಳು ಒಂದೇ ಅಚ್ಚಿನ ಮೇಲಿರುತ್ತವೆ. ನಡುಭಾಗದಲ್ಲಿ ಅವು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿರುತ್ತವೆ. ತೀರ ಕೆಳಭಾಗದಲ್ಲಿ ಮಾತ್ರ ಹೊಂದಿಕೆ ತಪ್ಪುವುದು. ಒಂದು ಕಡೆ ಧ್ವನಿ ಹೊರಟರೂ ಇನ್ನೊಂದು ಕಡೆ ಮೂಕವಾಗಿರುವುದು. ಅಜ್ಜಿಯವರಿಗೆ ಭಾಗವತರು ಎಡಗಡೆಯ ಮೂಲೆಗೆ ಸರಿದಂತೆ ಕೇಳಿಸಿದುದು ಈ ಕಾರಣದಿಂದಲೇ.

ಮಳೆಗಾಲವು ಇದನ್ನು ಇನ್ನಷ್ಟು ಕಠಿನಗೊಳಿಸುವುದು. ಹೆಂಚಿನ ಮೇಲೆಯೋ ತಗಡಿನ ಮೇಲೆಯೋ ಮಳೆ ಹೊಡೆಯುವಾಗ ಮಾತೇ ಕೇಳಿಸದು, ಧ್ವನಿಯನ್ನು ಏರಿಸಬೇಕು. ಮಳೆ ಹಠಾತ್ತಾಗಿ ನಿಂತಾಗ ಅದೇ ಧ್ವನಿ ಅಬ್ಬರವಾಗುವುದು, ಇಳಿಸಬೇಕು. ತಾಳಮದ್ದಳೆಯಲ್ಲಿಯೂ ಹಾಗೆಯೇ. ಅರ್ಥಗಾರಿಕೆಯ ಮೆಲುಮಾತಿನ ಬೆನ್ನಿಗೆ ಚಂಡೆ ಮೊಳಗುವುದು. ಈ ಏರಿಳಿತ ಮುದ್ರಣದಲ್ಲಿಯೇ ಇರುವುದರಿಂದ ಅದನ್ನು ಯಾವ ರೋಧಕವೂ ಹೋಗಲಾಡಿಸದು. ಆದರೆ ಗುಬುಟಿಗೆ ತಿರುಗಲು ದಾರಿಯಿದ್ದರೆ ಕೈಯಾದರೂ ಅದನ್ನು ಹಿಂಬಾಲಿಸಬಲ್ಲದು.

ಅಪಾಯವೂ ಒಂದುಂಟು. ಹತ್ತು ಪಟ್ಟು ವೋಲ್ಟೇಜು ಒಳಗೆ ಬರುತ್ತಿರುವಾಗ ಮಗುವೊಂದು ಗುಬುಟನ್ನು ಪೂರ್ತಿ ತಿರುಗಿಸಿತೆನ್ನಿ. ವರ್ಧಕವು ತನ್ನ ಮಿತಿಯನ್ನು ದಾಟಿ ಹೋಗಲಾರದು. ಆದುದರಿಂದ ಅಲೆಯ ತಲೆ ಕತ್ತರಿಸಿಹೋಗಿ ಚಪ್ಪಟೆಯಾಗುವುದು. ಇಂಥ ಅಲೆಯಲ್ಲಿ ಉಚ್ಚ ಸ್ವರಗಳ ಶಕ್ತಿ ಅಸಹಜವಾಗಿ ಹೆಚ್ಚುವುದರಿಂದ ಪೆಟ್ಟಿಗೆಯ ಚಿಕ್ಕ ಧ್ವನಿವರ್ಧಕದ ಸುರುಳಿ ಸುಟ್ಟುಹೋಗುವ ಸಂಭವವುಂಟು.

ಮೊದಲು ಪರೀಕ್ಷಿಸಬೇಕಾದುದು

ಪರಿಹಾರಕ್ಕೆ ಕೈಹಾಕುವ ಮೊದಲು ತಂತಿಯನ್ನು ಯಾವ ತೂತಿಗೆ ಸಿಕ್ಕಿಸಿದೆಯೆಂದು ನೋಡತಕ್ಕದ್ದು. ಹಳೆಯ ವರ್ಧಕಗಳಲ್ಲಿ ಗ್ರಾಮಫೋನಿನ ತಟ್ಟೆಗಳಿಗೆಂದು ‘ಫೋನೋ’ ಎಂಬ ಪ್ರತ್ಯೇಕ ಪ್ರವೇಶವಿರುವುದು. ಅಯಸ್ಕಾಂತದ ಮುಳ್ಳು ಕೊಡುವುದು 5 ಮಿಲಿವೋಲ್ಟಿನಷ್ಟು ಅತ್ಯಲ್ಪ ವಿದ್ಯುತ್ತಾದುದರಿಂದ ಅಲ್ಲಿ ವರ್ಧನೆ ಬಹಳ ಹೆಚ್ಚು. ಅದಕ್ಕೆ 2 ವೋಲ್ಟುಗಳನ್ನು ಕೊಟ್ಟರೆ 400 ಪಟ್ಟು, ಎಂದರೆ 52 ಡೆಸಿಬೆಲ್ ಹೆಚ್ಚಾಯಿತು. ಧ್ವನಿ ಜೋರಾಗುವುದಲ್ಲದೆ ಒಡೆದು, ಮಂದ್ರಸ್ವರಗಳಿಂದ ಗುಂಯ್ಗುಡುವುದು. ಹೀಗಾಗಿದ್ದರೆ ತಂತಿಯನ್ನು ಕಿತ್ತು ‘ಆಕ್ಸ್’, ‘ಟ್ಯೂನರ್’ ಅಥವಾ ‘ಟೇಪ್’ ಎಂದು ಬರೆದ ಕಡೆ ಸಿಕ್ಕಿಸಿದರಾಯಿತು, ಖರ್ಚಿಲ್ಲದ ಪರಿಹಾರ. ಸಿದ್ದಾಪುರದ ಮನೆಯಲ್ಲಿ ತಂತಿ ಸರಿಯಾದ ಕಡೆಯಲ್ಲಿಯೇ ಇತ್ತು.

ಎರಡು ರೋಧಕಗಳ ಕವಲು

ಈಗ ಅಬ್ಬಿಯ ಕೊಳವೆಗೆ ಕವಲು ಒಡೆಯುವ ಕೆಲಸ. ವಿದ್ಯುತ್ತಿನಲ್ಲಿ ಇದಕ್ಕೆ ವಿಭವ ವಿಭಾಜಕವೆಂದು ಹೆಸರು. ಓಮನು 1827ರಲ್ಲಿ ಪ್ರಕಟಿಸಿದ ನಿಯಮವೇ ಇದಕ್ಕೆ ಆಧಾರ. ಒಂದು ರೋಧಕವು ಸಂಗೀತವನ್ನು ತರುವ ನಡುತಂತಿಯ ದಾರಿಯಲ್ಲಿ ಅಡ್ಡಲಾಗಿರುವುದು; ಇದನ್ನು ಸಾಲಿನ ರೋಧಕವೆನ್ನೋಣ. ಇನ್ನೊಂದು, ಅದರ ಮುಂದಿನ ತುದಿಯಿಂದ ತಂತಿಯ ಹೊರಕವಚಕ್ಕೆ ಸೇರುವುದು. ಇದನ್ನು ಕವಲಿನ ರೋಧಕವೆನ್ನೋಣ. ಕವಲಿನ ರೋಧವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎಷ್ಟನೆಯ ಪಾಲು ಮುಂದೆ ಹೋಗುವುದೆಂದು ತಿಳಿಯುವುದು.

ನಮಗೆ ಬೇಕಾದುದು ಹತ್ತನೆಯ ಒಂದು ಪಾಲು. ಸಾಲಿಗೆ 9.1 ಕಿಲೋಓಮ್, ಕವಲಿಗೆ 1 ಕಿಲೋಓಮ್ ಹಾಕಿದರೆ ಮೊತ್ತ 10.1; ಮುಂದೆ ಹೋಗುವುದು 10.1ರಲ್ಲಿ 1 ಪಾಲು, ಎಂದರೆ 20 ಡೆಸಿಬೆಲ್ ಇಳಿಕೆ. ವರ್ಧಕದ ಒಳರೋಧವು ಕವಲಿಗೆ ಸಮಾಂತರವಾಗಿ ಸೇರುವುದರಿಂದ ಈ ಲೆಕ್ಕ ತುಸು ಬದಲಾಗುವುದು. ಆದರೆ ಸಾಮಾನ್ಯವಾದ 47 ಕಿಲೋಓಮಿನ ವರ್ಧಕದಲ್ಲಿ ಆ ವ್ಯತ್ಯಾಸ ಒಂದು ಡೆಸಿಬೆಲ್ಲಿನ ಕಾಲುಭಾಗವನ್ನೂ ಮೀರದು. ಇಷ್ಟು ಇಳಿಕೆ ಬೇಡವಾದವರು ಸಾಲಿಗೆ 8.2, ಕವಲಿಗೆ 1.8 ಕಿಲೋಓಮ್ ಹಾಕಿ 15 ಡೆಸಿಬೆಲ್ ಇಳಿಸಬಹುದು, ಸಾಲಿಗೆ 6.8, ಕವಲಿಗೆ 3.3 ಹಾಕಿ 10 ಡೆಸಿಬೆಲ್ ಇಳಿಸಬಹುದು.

ಯಾವುದನ್ನು ಆರಿಸಬೇಕು? ಇದಕ್ಕೆ ಅಳೆಯುವ ಉಪಕರಣ ಬೇಡ. ನಿತ್ಯವೂ ಕೇಳುವ ಧ್ವನಿಯಲ್ಲಿ ಗುಬುಟು ಎಲ್ಲಿರುವುದೆಂದು ನೋಡಿರಿ. ಅದರ ಪೂರ್ಣ ದಾರಿಯ ನಡುಭಾಗದಲ್ಲಿದ್ದರೆ ಏನನ್ನೂ ಮಾಡಬೇಕಾಗಿಲ್ಲ. ನಾಲ್ಕನೆಯ ಒಂದು ಪಾಲಿನ ಆಸುಪಾಸಿನಲ್ಲಿದ್ದರೆ 10 ಡೆಸಿಬೆಲ್ ಸಾಕಾದೀತು. ಆರಂಭದಲ್ಲಿಯೇ, ಎಂಟನೆಯ ಒಂದು ಪಾಲಿನೊಳಗೆ ಸಿಕ್ಕಿಕೊಂಡಿದ್ದರೆ 20 ಡೆಸಿಬೆಲ್ ಬೇಕು.

ಈ ಬೆಲೆಗಳನ್ನೇ ಏಕೆ ಆರಿಸಿದೆವು? 91 ಕಿಲೋಓಮ್ ಮತ್ತು 10 ಕಿಲೋಓಮ್ ಹಾಕಿದರೂ ಪಾಲು ಅದೇ ಅಲ್ಲವೇ ಎಂದು ವಾಚಕರು ಕೇಳಬಹುದು. ಪಾಲು ಹೆಚ್ಚುಕಡಿಮೆ ಅದೇ. ಫಲ ಅದೇ ಅಲ್ಲ. ರೋಧವು ಹೆಚ್ಚಿದಂತೆಲ್ಲ ತಂತಿಯು ಸುತ್ತಲಿನ ವಿದ್ಯುತ್ತಿನ ಗುಂಯ್ಕಾರವನ್ನು ಸುಲಭವಾಗಿ ಹಿಡಿಯುವುದು. ಮೇಲಾಗಿ, ಯಾವ ರೋಧಕವೂ ಸಂಪೂರ್ಣ ಮೂಕವಲ್ಲ. ಶಾಖದಿಂದ ಅದರೊಳಗಿನ ಎಲೆಕ್ಟ್ರಾನುಗಳು ಸದಾ ಚಲಿಸುತ್ತಿರುವುದರಿಂದ ಒಂದು ಸೂಕ್ಷ್ಮವಾದ ಸದ್ದು ಹುಟ್ಟುವುದೆಂದು ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬವರು 1928ರಲ್ಲಿ ತೋರಿಸಿಕೊಟ್ಟರು. ರೋಧ ಹೆಚ್ಚಿದರೆ ಆ ಸದ್ದೂ ಹೆಚ್ಚು. ಇನ್ನೊಂದು ಕಡೆ, ರೋಧವನ್ನು ತೀರ ಇಳಿಸಿದರೆ ಸಿ.ಡಿ. ಯಂತ್ರಕ್ಕೆ ಭಾರವಾಗುವುದು. ಒಟ್ಟು 10 ಕಿಲೋಓಮ್ ಎಂಬುದು ಎರಡಕ್ಕೂ ಒಪ್ಪುವ ನಡುದಾರಿ. ಆದರೆ ಸಂಗೀತದ ಮೂಲವು ಕವಾಟಗಳುಳ್ಳ ಹಳೆಯ ಯಂತ್ರವಾದರೆ ಅದು ಇಷ್ಟು ಭಾರವನ್ನು ಹೊರಲಾರದು. ಆಗ ಎರಡು ಬೆಲೆಗಳನ್ನೂ ಐದು ಪಟ್ಟು ಮಾಡಿಕೊಳ್ಳುವುದು ಲೇಸು.

ಕಟ್ಟುವ ಕ್ರಮ

ಬೇಕಾದ ಸಾಮಾನುಗಳು ಇಷ್ಟು: ಪ್ರತಿ ಬೆಲೆಯ ಎರಡೆರಡರಂತೆ ಕಾಲು ವಾಟಿನ ನಾಲ್ಕು ರೋಧಕಗಳು (ಶೇಕಡಾ ಒಂದರೊಳಗಿನ ತಪ್ಪುಳ್ಳ ಲೋಹಪದರದವು ಉತ್ತಮ), ಕವಚವುಳ್ಳ ಒಂದು ಮೊಳ ತಂತಿ, ತಂತಿಯ ಎರಡು ತುದಿಗಳಿಗೆ ತಕ್ಕ ಪ್ಲಗ್ಗುಗಳು, ಒಂದು ಚಿಕ್ಕ ತಗಡಿನ ಡಬ್ಬಿ. ನಾವು ಇವುಗಳನ್ನು ಶಿರಸಿಯ ಪೇಟೆಯಲ್ಲಿ ರೇಡಿಯೋ ದುರಸ್ತಿಯ ಒಂದು ಅಂಗಡಿಯಿಂದ ತಂದೆವು.

ಡಬ್ಬಿಯೊಳಗೆ ಎಡದ ಜೋಡಿಯನ್ನೂ ಬಲದ ಜೋಡಿಯನ್ನೂ ಬೇರೆ ಬೇರೆಯಾಗಿ ಬೆಸುಗೆ ಹಾಕಬೇಕು. ಸಿ.ಡಿ. ಯಂತ್ರದಿಂದ ಬಂದ ನಡುತಂತಿ ಸಾಲಿನ ರೋಧಕದ ಒಂದು ತುದಿಗೆ. ಅದರ ಇನ್ನೊಂದು ತುದಿಯಿಂದ ವರ್ಧಕಕ್ಕೆ ಹೋಗುವ ನಡುತಂತಿ. ಅದೇ ತುದಿಯಿಂದ ಕವಲಿನ ರೋಧಕವು ಕವಚಕ್ಕೆ. ಬಂದ ಕವಚವನ್ನೂ ಹೋಗುವ ಕವಚವನ್ನೂ ಒಟ್ಟಿಗೆ ಸೇರಿಸಬೇಕು. ಬೆಸುಗೆಯ ತುದಿಗಳು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ಹೊದಿಸಬೇಕು.

ಡಬ್ಬಿಯನ್ನು ವರ್ಧಕದ ಹತ್ತಿರವೇ ಇಡಬೇಕು. ಉದ್ದನೆಯ ತಂತಿಯಲ್ಲಿ ಸಂಗೀತವು ತನ್ನ ಪೂರ್ಣ ಬಲದಿಂದ ಬಂದರೆ ದಾರಿಯಲ್ಲಿ ಸೇರುವ ಗುಂಯ್ಕಾರ ಅದರ ಮುಂದೆ ಅಲ್ಪವಾಗುವುದು. ಕೊನೆಯಲ್ಲಿ ಎರಡೂ ಒಟ್ಟಿಗೆ ಇಳಿಯುವುವು. ಜೋಡಿಸುವಾಗ ಎಲ್ಲ ಯಂತ್ರಗಳನ್ನೂ ಆರಿಸಿ ಗೋಡೆಯ ಪ್ಲಗ್ಗನ್ನು ಕಿತ್ತಿರತಕ್ಕದ್ದು. ವರ್ಧಕದ ಮುಚ್ಚಳವನ್ನು ತೆಗೆಯುವ ಅಗತ್ಯವಿಲ್ಲ, ತೆಗೆಯಲೂ ಬಾರದು. ಕವಾಟಗಳ ವರ್ಧಕದಲ್ಲಂತೂ ಆರಿಸಿದ ಮೇಲೆಯೂ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರುವುದುಂಟು.

ಇದಾದ ಮೇಲೆ ಗುಬುಟಿನ ಪಾಲಿಗೆ ಉಳಿದುದೇನೆಂದು ನೋಡಿರಿ. ಹಿಂದೆ ಹಗಲಿಗೆ 70ನೆಯ ಒಂದು ಪಾಲಿಗೆ ಇಳಿಸಬೇಕಾಗಿದ್ದುದು ಈಗ 7ನೆಯ ಒಂದು ಪಾಲಾಯಿತು; ಗುಬುಟು ಸರಿಯಾಗಿ ನಡುದಾರಿಯಲ್ಲಿ ನಿಲ್ಲುವುದು. ರಾತ್ರಿಯ 400ನೆಯ ಪಾಲು 40ನೆಯ ಪಾಲಾಯಿತು. ಗುಬುಟನ್ನು ಪೂರ್ತಿ ತಿರುಗಿಸಿದರೂ 2 ವೋಲ್ಟುಗಳು 200 ಮಿಲಿವೋಲ್ಟುಗಳಾಗಿ ಒಳಗೆ ಹೋಗುವುದರಿಂದ ವರ್ಧಕವು ತನ್ನ ಮಿತಿಯಲ್ಲಿಯೇ ಇರುವುದು. ಕಿವಿಗೆ ಅದು ಜೋರೇ. ಆದರೆ ಅಲೆಯ ತಲೆ ಕತ್ತರಿಸುವುದಿಲ್ಲ. ಹೀಗೆ ಮಾಡುವುದರಿಂದ ವರ್ಧಕದ 25 ವಾಟುಗಳಲ್ಲಿ ಒಂದು ವಾಟೂ ಕಡಿಮೆಯಾಗಲಿಲ್ಲವೆಂಬುದನ್ನು ಗಮನಿಸಬೇಕು.

ಎಲ್ಲಿ ತಗ್ಗಿಸಬೇಕು?

ಇದೇ ದೋಷದ ಇನ್ನೊಂದು ಮುಖವನ್ನು ನಾವು ಯಲ್ಲಾಪುರದಲ್ಲಿ ಕಂಡೆವು. ಅಲ್ಲಿಯ ಒಬ್ಬ ತರುಣ ತನ್ನ ಮೊಬೈಲ್ ಫೋನನ್ನು ತಂತಿಯಿಂದ ವರ್ಧಕಕ್ಕೆ ಕೂಡಿಸಿ ಕೇಳುತ್ತಿದ್ದನು. ವರ್ಧಕದ ಗುಬುಟನ್ನು ಪೂರ್ತಿ ಏರಿಸಿಟ್ಟು ಧ್ವನಿಯನ್ನು ಫೋನಿನಲ್ಲಿಯೇ ತಗ್ಗಿಸಿಕೊಳ್ಳುವುದು ಅವನ ಪದ್ಧತಿ. ಹಗಲಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ರಾತ್ರಿಯಲ್ಲಿ, ಜೀರುಂಡೆಗಳೂ ಸುಮ್ಮನಾದ ಹೊತ್ತಿನಲ್ಲಿ, ಆಲಾಪದ ಹಿಂದೆ ‘ಸ್’ ಎಂಬ ಎಡೆಬಿಡದ ಸದ್ದು ಕೇಳಿಸುತ್ತಿತ್ತು.

ಆ ಸದ್ದು ಹುಟ್ಟುವುದು ಫೋನಿನ ಹಾಗೂ ವರ್ಧಕದ ಮೊದಲ ಹಂತಗಳಲ್ಲಿ. ಸಂಗೀತದ ಪೂರ್ಣ ಮಟ್ಟಕ್ಕಿಂತ ಅದು 80 ಡೆಸಿಬೆಲ್ ಕೆಳಗಿದೆಯೆಂದುಕೊಳ್ಳಿ, ಯಾರಿಗೂ ಕೇಳಿಸದು. ಈಗ ಸಂಗೀತವನ್ನು ಫೋನಿನಲ್ಲಿ 30 ಡೆಸಿಬೆಲ್ ತಗ್ಗಿಸಿದರೆ ಸಂಗೀತ ಇಳಿಯುವುದೇ ಹೊರತು ಮುಂದಿನ ಹಂತಗಳ ಸದ್ದು ಇಳಿಯದು. ಇವೆರಡರ ಅಂತರ 50ಕ್ಕೆ ಬರುವುದು. ನಾವು ಫೋನನ್ನು ಅದರ ಪೂರ್ಣ ಮಟ್ಟದ ಸಮೀಪಕ್ಕೆ ಏರಿಸಿ, ವರ್ಧಕದ ಗುಬುಟನ್ನು ಇಳಿಸಿದೆವು, ಸದ್ದು ಮಾಯವಾಯಿತು. ಯಾವ ರೋಧಕವೂ ಬೇಕಾಗಲಿಲ್ಲ.

ಇದರಿಂದ ಒಂದು ಸೂತ್ರ ದೊರೆಯುವುದು: ಮೊದಲಲ್ಲಿ ತುಂಬಿಸು, ಕೊನೆಯಲ್ಲಿ ತಗ್ಗಿಸು. ಪೂರ್ವವರ್ಧಕವೂ ಶಕ್ತಿವರ್ಧಕವೂ ಬೇರೆಬೇರೆಯಾಗಿರುವ ಮನೆಗಳಲ್ಲಿ ನಮ್ಮ ಡಬ್ಬಿಯನ್ನು ಇವೆರಡರ ನಡುವೆ, ಶಕ್ತಿವರ್ಧಕದ ಬಾಗಿಲಿನಲ್ಲಿ, ಇಡಬೇಕಾದುದೂ ಇದಕ್ಕಾಗಿಯೇ. ಆಗ ಹಿಂದಿನ ಎಲ್ಲ ಹಂತಗಳ ಸದ್ದು ಸಂಗೀತದ ಜೊತೆಗೆ ತಾನೂ ಇಳಿಯುವುದು.

ಹಾಗಾದರೆ ತೀರ ಕೊನೆಗೆ, ವರ್ಧಕಕ್ಕೂ ಪೆಟ್ಟಿಗೆಗೂ ನಡುವೆ, ರೋಧಕವನ್ನು ಹಾಕಬಹುದಲ್ಲ ಎಂದು ಕೆಲವರಿಗೆ ತೋರಬಹುದು. ಶಿರಸಿಯಲ್ಲಿ ಒಬ್ಬರು ಹಾಗೆಯೇ ಮಾಡಿದ್ದರು. ಚಪ್ಪರದಲ್ಲಿ ಕಟ್ಟುವ ಕಹಳೆಯಾಕಾರದ ಧ್ವನಿವರ್ಧಕವನ್ನು ಅವರು ಮನೆಯ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಇಂಥವು ಒಂದು ವಾಟಿಗೆ 105 ಡೆಸಿಬೆಲ್ಲಿನಷ್ಟು ಧ್ವನಿಯನ್ನು ಕೊಡಬಲ್ಲವು. ಮನೆಯ ಪೆಟ್ಟಿಗೆಗಿಂತ 17 ಡೆಸಿಬೆಲ್ ಹೆಚ್ಚು, ಎಂದರೆ ಇದರ ಒಂದು ವಾಟು ಅದರ ಐವತ್ತು ವಾಟುಗಳಿಗೆ ಸಮಾನ. ಬಯಲಿನಲ್ಲಿ ನೂರಾರು ಜನರಿಗೆ ಕೇಳಿಸಲು ಮಾಡಿದ ವಸ್ತುವದು. ಅದನ್ನು ತಗ್ಗಿಸಲು ಅವರು ಪೆಟ್ಟಿಗೆಯ ತಂತಿಯಲ್ಲಿ ಕಾಲು ವಾಟಿನ ರೋಧಕವನ್ನು ಸೇರಿಸಿದ್ದರು. ಅಲ್ಲಿ ಹರಿಯುವುದು ಶಕ್ತಿಯುತವಾದ ಪ್ರವಾಹ. ರೋಧಕ ಕ್ಷಣದಲ್ಲಿ ಕಪ್ಪಾಗಿ ಹೊಗೆಯಾಡಿತು. ಕೊನೆಯಲ್ಲಿ ತಗ್ಗಿಸಬೇಕೆಂದರೆ ಶಕ್ತಿವರ್ಧಕದ ಪ್ರವೇಶದಲ್ಲಿ ಎಂದರ್ಥ. ಅದರ ನಿರ್ಗಮದಲ್ಲಿ ಅಲ್ಲ. ಮನೆಗೆ ಮನೆಯ ಪೆಟ್ಟಿಗೆಯೇ ಸಾಕು.

ಉಳಿದ ಒಂದು ಮಾತು

ಧ್ವನಿಯನ್ನು ತಗ್ಗಿಸಿದಾಗ ಮದ್ದಳೆಯ ಗಂಭೀರ ನಾದ ಕುಗ್ಗಿದಂತೆ ತೋರಿದರೆ ಅದು ರೋಧಕಗಳ ತಪ್ಪಲ್ಲ. ಮೆಲ್ಲನೆಯ ಧ್ವನಿಯಲ್ಲಿ ನಮ್ಮ ಕಿವಿಯೇ ಮಂದ್ರಸ್ವರಗಳಿಗೆ ಮಂದವಾಗುವುದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿ ಅಳೆದು ತೋರಿಸಿದರು. ಹಳೆಯ ವರ್ಧಕಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿಯಿರುವುದು ಈ ಕೊರತೆಯನ್ನು ತುಂಬಲೆಂದೇ. ಗುಬುಟು ಸದಾ ತಳದಲ್ಲಿಯೇ ಸಿಕ್ಕಿಕೊಂಡಿದ್ದಾಗ ಆ ಗುಂಡಿ ಮಂದ್ರವನ್ನು ವಿಪರೀತವಾಗಿ ಏರಿಸುತ್ತಿತ್ತು. ಗುಬುಟು ತನ್ನ ಸ್ಥಾನಕ್ಕೆ ಬಂದ ಮೇಲೆ ಅದೂ ಹದವಾಗಿ ಕೆಲಸಮಾಡುವುದು.

ಸಿದ್ದಾಪುರದ ಮನೆಯಲ್ಲಿ ಡಬ್ಬಿಯನ್ನು ಜೋಡಿಸಿದ ರಾತ್ರಿ ಮಳೆ ಹೊಯ್ಯುತ್ತಿತ್ತು. ಮೊಮ್ಮಗನು ಅಜ್ಜಿಯವರ ಕೈಯನ್ನು ಹಿಡಿದು ಗುಬುಟಿನ ಮೇಲೆ ಇಟ್ಟನು. ಅವರು ಮೊದಲು ಅಂಜುತ್ತಲೇ ತಿರುಗಿಸಿದರು. ಧ್ವನಿ ಮೆಲ್ಲಗೆ ಏರಿತು. ಭಾಗವತರು ಎರಡು ಪೆಟ್ಟಿಗೆಗಳ ನಡುವೆ ಬಂದು ನಿಂತರು. ಮಳೆ ನಿಂತಾಗ ಅವರು ಯಾರನ್ನೂ ಕರೆಯದೆ ತಾವೇ ಕೈಚಾಚಿ ಧ್ವನಿಯನ್ನು ಇಳಿಸಿಕೊಂಡರು. ಕಣ್ಣು ಕಾಣದವರಿಗೂ ಕೈಗೆ ದಕ್ಕುವಂತಾದಾಗಲೇ ಆ ಯಂತ್ರವು ಮನೆಯ ಯಂತ್ರವಾಯಿತು. ಹೊಸದನ್ನು ಕೊಳ್ಳುವ ಮೊದಲು, ಇದ್ದ ಎರಡು ವಸ್ತುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕಹಾಕಿ ನೋಡುವ ಅಭ್ಯಾಸವನ್ನು ವಾಚಕರು ಬೆಳೆಸಿಕೊಂಡರೆ, ಎಷ್ಟೋ ಹಳೆಯ ಯಂತ್ರಗಳು ಗುಜರಿಯನ್ನು ಸೇರದೆ ಉಳಿಯುವುವು.